ಹಾಡು ಬರುತ್ತದೆ ಎಂದು ಕ್ರೊಯೇಷಿಯನ್ನಿನಲ್ಲಿ ಹೇಳಿದ್ದು

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾರದ ಕೆಲಸವನ್ನು ಯಾರಾದರೂ ‘ಬರುತ್ತದೆಯೇ?’ ಎಂದು ಕೇಳಿದರೆ ಥಟ್ಟನೆ ‘ಓಹೋ, ಬರುತ್ತದೆ’ ಎನ್ನುತ್ತೇನೆ. ನಿಜವಾಗಿ ಬರುವುದನ್ನು ಕೇಳಿದರೆ ಮಾತ್ರ ‘ಅಯ್ಯೋ, ನನಗೆಲ್ಲಿ ಬರುತ್ತೆ’ ಎಂದು ಮುದುಡಿಕೊಳ್ಳುತ್ತೇನೆ. ದುಬೈಯ ಈಗಿನ ಆಫೀಸಿಗೆ ಅರ್ಜಿ ಹಾಕುವಾಗ ‘ಸ್ಲೈಡ್ ತಯಾರಿಕೆಯಲ್ಲಿ ಪರಿಣತೆ’ ಎಂದು ಬರೆದಿದ್ದೆ; ಸ್ಲೈಡಿಗೆ ಚಿತ್ರ ಅಂಟಿಸಲು ಕಲಿತದ್ದು ವೀಸಾ ಬಂದ ಮೇಲೆ. ಆದರೆ ಮೈಸೂರಿನಲ್ಲಿ ಎಂಟು ವರ್ಷ ಸಂಗೀತ ಕಲಿತ ವಿಷಯವನ್ನು ನಾನಾಗಿ ಯಾರಿಗೂ ಹೇಳಿದವಳಲ್ಲ. ನಮ್ಮಲ್ಲಿ ಅದಕ್ಕೊಂದು ಕ್ರಮವಿದೆ. ಹಾಡು ಎಂದಾಗ ಮೊದಲ ಸಲ ಬರುವುದಿಲ್ಲ ಎನ್ನಬೇಕು. ಎರಡನೆಯ ಸಲ ಅಭ್ಯಾಸ ತಪ್ಪಿದೆ ಎನ್ನಬೇಕು. ಮೂರನೆಯ ಸಲ ಬಲವಂತ ಮಾಡಿದಾಗ, ಅವರ ಮನಸ್ಸು ನೋಯಿಸಬಾರದೆಂಬ ಮುಖ ಮಾಡಿಕೊಂಡು, ಬೆಳಗಿನಿಂದ ಗುನುಗಿ ಗುನುಗಿ ಸಿದ್ಧಮಾಡಿಟ್ಟುಕೊಂಡ ದೇವರನಾಮವನ್ನು ಎತ್ತಿಕೊಳ್ಳಬೇಕು. ಇಲ್ಲಿಯ ಊದ್ ಮೇಥಾ ಬಡಾವಣೆಯಲ್ಲಿ ಕನ್ನಡಿಗರು ಸೇರುವ ಕಾರ್ಯಕ್ರಮಗಳಲ್ಲಿ ಹದಿನಾಲ್ಕು ವರ್ಷಗಳಿಂದ ಇದು ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು.

ಕೆಡಿಸಿದ್ದು ಮಿರ್ಯಾನಾಳ ಅಮ್ಮ. ಮಿರ್ಯಾನಾ ನನ್ನ ಸಹೋದ್ಯೋಗಿ, ಕ್ರೊಯೇಷಿಯಾದವಳು. ಜುಮೇರಾ ಲೇಕ್ ಟವರ್ಸ್‌ನಲ್ಲಿ ನಮ್ಮದೇ ಕಟ್ಟಡದ ನಮ್ಮದೇ ಮಹಡಿಯಲ್ಲಿ ಮನೆ. ಈ ಚಳಿಗಾಲದಲ್ಲಿ ಅವಳ ಅಮ್ಮ ರೂಜಾ ಎರಡು ತಿಂಗಳಿಗೆಂದು ಬಂದರು. ಎಪ್ಪತ್ತು ದಾಟಿದ, ಬೆನ್ನು ನೆಟ್ಟಗಿರುವ ಹೆಂಗಸು. ತಮ್ಮ ಊರಿನ ಚರ್ಚಿನಲ್ಲಿ ಮೂವತ್ತು ವರ್ಷ ಹಾಡುವವರ ಮೇಳ ನಡೆಸಿದವರು. ಇಂಗ್ಲಿಷಿನ ಗಂಧವಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅವರು ಏನೋ ಕೇಳುವುದು, ನಾನು ಹಲ್ಲು ಕಿರಿಯುವುದು. ಒಂದು ದಿನ ವಾಲ್‌ನಟ್ ತುಂಬಿದ ಕೇಕು ತಂದುಕೊಟ್ಟರು. ನಾನು ಚಕ್ಕುಲಿ ಕೊಟ್ಟೆ. ಹೀಗೆ ತಿನ್ನುವುದರಲ್ಲೇ ಎಷ್ಟು ದಿನ ಮಾತಾಡುವುದು ಎನಿಸಿ, ಊಟದ ಬಿಡುವಿನಲ್ಲಿ ಭಾಷೆ ಹೇಳಿಕೊಡು ಎಂದು ಮಿರ್ಯಾನಾಳಿಗೆ ಗಂಟುಬಿದ್ದೆ.

ನಮಸ್ಕಾರ, ನೀರು, ಉಪ್ಪು ಎಲ್ಲ ಮುಗಿದು ‘ನನಗೆ ಏನೇನು ಮಾಡಲು ಬರುತ್ತದೆ’ ಎಂಬ ಪಾಠ ಬಂತು. ನೋಡಿ, ಎಷ್ಟು ಸ್ವಾರಸ್ಯ! ಕಲಿತ ವಿದ್ಯೆಗೆ ಅವರು ‘ಜ್ನಾಮ್’ ಎನ್ನುತ್ತಾರೆ, ಅಂದರೆ ‘ಬಲ್ಲೆ’. ಸದ್ಯಕ್ಕೆ ಸಾಧ್ಯ ಎನ್ನುವುದಕ್ಕೆ ‘ಮೋಗು’. ನನ್ನ ಕಾರಿನ ಕಥೆ ತೆಗೆದುಕೊಂಡರೆ ಇದು ಕೂಡಲೇ ಅರ್ಥವಾಗುತ್ತದೆ. ಮೈಸೂರಿನಲ್ಲಿ ಹತ್ತು ವರ್ಷ ಓಡಿಸಿದವಳು, ಆದ್ದರಿಂದ ಜ್ನಾಮ್. ದುಬೈಯ ರೋಡ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾಗಿದ್ದೇನೆ, ಆದ್ದರಿಂದ ಮೋಗು ಇಲ್ಲ. ಈ ವ್ಯತ್ಯಾಸ ನಮ್ಮಲ್ಲೂ ಇದೆ, ಬರುತ್ತದೆ, ಆಗುತ್ತದೆ ಎನ್ನುತ್ತೇವಲ್ಲ. ಆದರೆ ನಮ್ಮಲ್ಲಿ ವಿದ್ಯೆ ತಾನಾಗಿಯೇ ಬರುತ್ತದೆ. ‘ನನಗೆ’ ಎಂದು ಒಂದು ಪಕ್ಕಕ್ಕೆ ಕುಳಿತಿದ್ದರೆ ಸಾಕು. ಅವರಲ್ಲಿ ಎದ್ದು ನಿಂತು ‘ನಾನು ಬಲ್ಲೆ’ ಎನ್ನಬೇಕು. ಮಿರ್ಯಾನಾ ಹತ್ತು ವಾಕ್ಯ ಬರೆದುಕೊಂಡು ಬಾ ಎಂದಳು. ಅಡುಗೆ ಬಲ್ಲೆ, ಹೊಲಿಗೆ ಬಲ್ಲೆ, ಈಜು ಬಲ್ಲೆ (ಸುಳ್ಳು) ಎಂದೆಲ್ಲ ಬರೆದೆ. ‘ಹಾಡು ಬಲ್ಲೆ’ ಎಂದು ಬರೆಯಲು ಹೋದರೆ ಕೈ ಏಳಲಿಲ್ಲ. ಒಂಬತ್ತು ವಾಕ್ಯಕ್ಕೇ ನಿಲ್ಲಿಸಿದೆ.

ಅಷ್ಟರಲ್ಲಿ ರೂಜಾ ಅವರ ಹುಟ್ಟುಹಬ್ಬ ಬಂತು. ನನಗೋ ಒಳಗೊಳಗೇ ಆಸೆ. ಮೂವತ್ತು ವರ್ಷ ಹಾಡಿದವರ ಎದುರು ಒಮ್ಮೆ ಹಾಡಬೇಕು. ‘ಚೆನ್ನಾಗಿತ್ತು ಕಣ್ರೀ’ ಎನ್ನುತ್ತಲೇ ತಟ್ಟೆ ಹಿಡಿದು ಊಟದ ಸಾಲಿಗೆ ಹೋಗುವವರ ಎದುರು ಹಾಡಿ ಹಾಡಿ ಸಾಕಾಗಿತ್ತು. ಹದಿನೈದು ದಿನ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದೆ. ಹುಟ್ಟುಹಬ್ಬದ ಸಂಜೆ, ರೂಜಾ ತಾವೊಂದು ಹಾಡು ಹಾಡಿ ಮುಗಿಸಿ, ನೇರವಾಗಿ ನನ್ನ ಕಡೆ ತಿರುಗಿ, ನಿಮಗೆ ಹಾಡಲು ಗೊತ್ತೇ ಎಂದು ಕೇಳಿದರು. ಮಿರ್ಯಾನಾ ಅನುವಾದಿಸಬೇಕಾಗಲಿಲ್ಲ, ಪಾಠದಲ್ಲೇ ಇತ್ತು. ನಾನು ತಲೆ ತಗ್ಗಿಸಿ ‘ನೆ ಜ್ನಾಮ್’ ಎಂದೆ. ಗೊತ್ತಿಲ್ಲ. ಹಾಗೆ ಹೇಳಿ, ಎರಡನೆಯ ಸಲ ಕೇಳಲಿ ಎಂದು ಕಾದೆ.

‘ದೋಬ್ರೊ’ ಎಂದರು ರೂಜಾ. ಸರಿ ಎಂದರ್ಥ. ನನ್ನ ಕೈ ತಟ್ಟಿ, ಪಕ್ಕದಲ್ಲಿದ್ದ ನನ್ನ ಗಂಡನನ್ನು ಮಿರ್ಯಾನಾಳ ಮೂಲಕ ಅದೇ ಪ್ರಶ್ನೆ ಕೇಳಿದರು. ನಮ್ಮವರು ಧಾರವಾಡದವರಾದರೂ ಸ್ವರಕ್ಕೂ ಅವರಿಗೂ ಬಹಳ ದೂರ. ಅವರು ಎದ್ದು ನಿಂತು ಗಟ್ಟಿ ಧ್ವನಿಯಲ್ಲಿ, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಒಂದು ಹಂತಿ ಪದ ಹೇಳಿಯೇಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆದರೆ ಹೊಟ್ಟೆ ಉರಿಯುತ್ತಿತ್ತು.

ಮನೆಗೆ ಬಂದ ಮೇಲೆ ಸಿಟ್ಟು ತಡೆಯಲಾಗದೆ, “ಇನ್ನೊಂದು ಸಲ ಕೇಳಿದ್ರೆ ಅವರ ಗಂಟೇನು ಹೋಗ್ತಿತ್ತು?” ಎಂದೆ.

“ಬರಂಗಿಲ್ಲ ಅಂತ ನೀನ ಹೇಳಿದಿ. ನಂಬಿದ್ದು ಅವರ ತಪ್ಪೇನು?” ಎಂದರು ನಮ್ಮವರು.

“ಅಮ್ಮಾ, ಜಸ್ಟ್ ಟೆಲ್ ಹರ್!” ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

ಒಂದು ವಾರ ಮುಖ ಊದಿಸಿಕೊಂಡು ಓಡಾಡಿದೆ. ರೂಜಾ ಊರಿಗೆ ಹೊರಡಲು ಹತ್ತೇ ದಿನ ಉಳಿದಿದೆ ಎಂದು ಮಿರ್ಯಾನಾ ಹೇಳಿದಳು. ಶನಿವಾರ ಬೆಳಿಗ್ಗೆ ಅವರ ಮನೆಯ ಗಂಟೆ ಒತ್ತಿದೆ. ಮಿರ್ಯಾನಾ ಸಾಮಾನು ತರಲು ಹೋಗಿದ್ದಳು, ರೂಜಾ ಒಬ್ಬರೇ ಇದ್ದರು. ನಾಲ್ಕು ರೋಡ್ ಟೆಸ್ಟಿನಲ್ಲೂ ನಾನು ಇಷ್ಟು ಹೆದರಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ: “ಜ್ನಾಮ್ ಪ್ಯೆವಾತಿ.” ಹಾಡು ಬಲ್ಲೆ. ನಲವತ್ತಾರು ವರ್ಷದಲ್ಲಿ ಯಾರೂ ಬಲವಂತ ಮಾಡದೆ ನಾನು ಹಾಗೆಂದದ್ದು ಅದೇ ಮೊದಲು.

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕುರ್ಚಿ ಎಳೆದುಕೊಂಡು, ಕೈಕಟ್ಟಿ ಕುಳಿತರು. ಹಾಡಿದೆ. ಪೂರ್ತಿ ಹಾಡಿದೆ, ಕಣ್ಣು ಮುಚ್ಚಿ, ಇಷ್ಟು ಮನಸಿಟ್ಟು ಎಂದೂ ಹಾಡಿರಲಿಲ್ಲ. ಕಣ್ಣು ತೆರೆದಾಗ ಅವರ ಕಣ್ಣಂಚು ಒದ್ದೆಯಾಗಿತ್ತು. ಗೆದ್ದೆ ಎಂದುಕೊಂಡೆ. ಅವರು ಎದ್ದು ಬಂದು, ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಉಸಿರು ಇಲ್ಲಿಂದ ಬರಬೇಕು ಎಂದು ತೋರಿಸಿದರು. ಆಮೇಲೆ ಗಂಟಲು ಮುಟ್ಟಿ, ಇಲ್ಲಿಂದಲ್ಲ ಎಂದು ತಲೆಯಾಡಿಸಿದರು. ನಾಳೆ ಹತ್ತು ಗಂಟೆಗೆ ಬಾ ಎಂದು ಬೆರಳು ಮಡಚಿ ಹೇಳಿದರು. ಬರುವುದಿಲ್ಲ ಎನ್ನುತ್ತಿದ್ದಾಗ ಊರೆಲ್ಲ ನನ್ನನ್ನು ಬೇಡಿಕೊಂಡು ಹಾಡಿಸುತ್ತಿತ್ತು. ಬರುತ್ತದೆ ಎಂದ ದಿನವೇ ಪಾಠಕ್ಕೆ ಸೇರಿಸಿಕೊಂಡರು. ಅವಮಾನವಾಗಬೇಕಿತ್ತು. ಆದರೆ ಕಾರಿಡಾರಿನ ಉದ್ದಕ್ಕೂ ನನಗೆ ನಗು ತಡೆಯಲಾಗಲಿಲ್ಲ, ಅಷ್ಟು ಸಂತೋಷವಾಗಿತ್ತು.

ಮನೆಯ ಬಾಗಿಲು ತೆರೆದ ನಮ್ಮವರು, “ಏನಾತು? ಹಾಡಿದಿ?” ಎಂದರು.

“ಹಾಡಿದೆ. ನಾಳೆಯಿಂದ ದಿನಾ ಬಾ ಅಂದ್ರು,” ಎಂದೆ. “ನಾನು ಬೇಡ ಬೇಡ ಅಂದೆ ಕಣ್ರೀ. ಬಿಡ್ಲೇ ಇಲ್ಲ, ಮೂರು ಸಲ ಬಲವಂತ ಮಾಡಿದ್ರು.”