ಪಚಮಡಿ ಗುಡ್ಡ ಹತ್ತಿದ ಅರಸೀಕೆರೆ ಕಾಯಿ

ನಮ್ಮ ಮಾವನವರ ಜೊತೆ ಪ್ರಯಾಣ ಹೊರಟರೆ ನಗಬೇಕೋ ನಡುಗಬೇಕೋ ತಿಳಿಯದಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಅವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ, ನಾನು ಬೇಲೂರಿನವನು, ಅವರ ಅಳಿಯ. ಆಗಿನ್ನೂ ಬ್ರಿಟಿಷರ ಕಾಲ. ನನ್ನ ಹೆಂಡತಿಗೆ ಹಿಂದೆ ಒಂದು ಬಸಿರು ನಿಂತಿರಲಿಲ್ಲ. ಈಗ ಮತ್ತೆ ಬಸುರಿ. ಈ ಸಲವಾದರೂ ಮಗು ಉಳಿಯಲೆಂದು ಮಾವನವರು ನಾಗಪುರದಾಚೆಯ ಪಚಮಡಿ ಕಾಡಿನ ಮಹಾದೇವನ ಗುಹೆಯಲ್ಲಿ ಕಾಯಿ ಒಡೆಯುವ ಹರಕೆ ಹೊತ್ತಿದ್ದರು. ನಾಗಪುರದ ವ್ಯಾಪಾರ ಮುಗಿಸಿ ನಾವಿಬ್ಬರೇ ಅತ್ತ ಹೊರಟೆವು.

ರೈಲಿನಲ್ಲಿ

ಹರಕೆಯ ಕಾಯಿ ಸ್ವಂತ ತೋಟದ್ದು. ಅದನ್ನು ಮಡಿಬಟ್ಟೆಯಲ್ಲಿ ಸುತ್ತಿ ಕಿಟಕಿ ಪಕ್ಕ ಕೂರಿಸಿದರು. ನಾನು ನಿಂತೆ.

"ಮಾವ, ಅದನ್ನ ತೊಡೆ ಮೇಲೆ ಇಟ್ಕೊಂಡ್ರೆ ನಾನೂ ಕೂರಬಹುದಿತ್ತು."

"ಅಲುಗಾಡಿದ್ರೆ ಅದು ಕೆಟ್ಟೋಯ್ತದೆ ಕಣ್ರೀ ಅಳಿಯಂದ್ರೇ. ನಿಮಗೇನಾಯ್ತದೆ?"

ಬಂಗಲೆಯಲ್ಲಿ

ಗುಡ್ಡದ ಮೇಲೆ ಬೆಳಗಾದರೂ ಮಂಜು ಸರಿದಿರಲಿಲ್ಲ. ಕಾಡಿನೊಳಗೆ ಯಾರೋ ಕೆಮ್ಮಿದಂಥ ಸದ್ದು. ಮಾವನವರು ಸ್ನಾನ ಮಾಡಿ, ಬರಿಮೈಗೆಲ್ಲ ವಿಭೂತಿ ಬಳಿದು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಜಗಲಿಯಲ್ಲಿ ಕೂತರು. ಪೂಜೆ ಮುಗಿಯುವವರೆಗೆ ಮಾತಿಲ್ಲ, ಅಲುಗಾಟವಿಲ್ಲ. ಚಹಾ ತಂದ ಬಂಗಲೆಯ ಕಾವಲುಗಾರ ಮಂಜಿನಲ್ಲಿ ಆ ಬಿಳಿಯ ಮೈ ಕಂಡು, ದೆವ್ವವೆಂದು ಬೆಚ್ಚಿ ಯಾರೆಂದು ಕೇಳಿದ. ಅಷ್ಟರಲ್ಲಿ ಪೂಜೆ ಮುಗಿಯಿತು. ಮಾವನವರು ತಟ್ಟನೆ ತಿರುಗಿ ಕೈ ಚಾಚಿದರು. ಲೋಟ ಅವರ ಕೈಗೆ ಬಂತು. ಕಾವಲುಗಾರ ಮಾತ್ರ ಆಮೇಲೆ ಯಾರ ಕೈಗೂ ಸಿಗಲಿಲ್ಲ.

ಗುಹೆಯಲ್ಲಿ

ಗುಹೆಯೊಳಗೆ ಹಾಡುಹಗಲಲ್ಲೇ ಕಗ್ಗತ್ತಲು. ಮೇಲಿಂದ ನೀರು ತೊಟ್ಟಿಕ್ಕಿ ನಮ್ಮ ದೀಪ ಆರಿತು. ಮಾವನವರು ತಡವರಿಸುತ್ತ ಕಾಯಿ ಒಡೆದರು. ಕತ್ತಲಿಂದ ತಣ್ಣನೆಯ ಕೈಯೊಂದು ಬಂದು ಎರಡು ಹೋಳನ್ನೂ ತೆಗೆದುಕೊಂಡಿತು. ಪೂಜಾರಿಯದಿರಬೇಕು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಒಂದು ಹೋಳನ್ನು ಹಿಂದಕ್ಕೆ ಕೊಟ್ಟಿತು.

ಬೆಳಕಿಗೆ ಬಂದು ನೋಡಿದರೆ ಮಾವನವರ ಮುಖ ಬಿಳಚಿಕೊಂಡಿತು. "ಅಳಿಯಂದ್ರೇ, ಇದು ನಮ್ಮ ಕಾಯಲ್ಲ! ಕರಟ ನೋಡಿ, ಎಷ್ಟು ತೆಳ್ಳಗೈತೆ."

ಹರಕೆ ಕೆಟ್ಟಿತೆಂದುಕೊಂಡೆ ನಾನು. ಅವರು ಬಿಡದೆ ಮತ್ತೆ ಒಳಗೆ ನುಗ್ಗಿದರು. ಅವರ ಶಲ್ಯ ಹಿಡಿದು ನಾನೂ ಹೋದೆ.

"ಸ್ವಾಮೀ, ನನ್ನ ಕಾಯಿ ನಂಗೆ ಕೊಟ್ಬಿಡಿ. ಬಸುರಿ ಮಗಳ ಹರಕೆ!"

ಕತ್ತಲು ಉತ್ತರ ಕೊಟ್ಟಿತು, ಅದೂ ಅಚ್ಚ ನಮ್ಮೂರ ಕನ್ನಡದಲ್ಲಿ: "ನಿಂದು ಕೊಳ್ತೋಗಿತ್ತು ಕಣಯ್ಯಾ. ಅಪಶಕುನ ಅಂತ ಹೆದರ್ಕಂಡೀಯ ಅಂತ ಒಳ್ಳೇದು ಕೊಟ್ಟೆ. ಮಗಳಿಗೇನೂ ಆಗಕ್ಕಿಲ್ಲ, ಹೋಗು."

ಅದು ನಮ್ಮ ಕಡೆಯ ಸಾಧುವೋ ಇನ್ನಾರೋ, ಇಂದಿಗೂ ತಿಳಿಯದು. ನನ್ನ ಮೈಯೆಲ್ಲ ಮುಳ್ಳೆದ್ದಿತು, ಕಣ್ಣಲ್ಲಿ ನೀರೂ ಬಂತು. ಮಾವನವರು ಕೈಮುಗಿದು ನಿಂತೇ ಇದ್ದರು. ಎಳೆದರೂ ಬರಲಿಲ್ಲ. ಕೊನೆಗೆ ಕತ್ತಲ ಕಡೆ ಬಗ್ಗಿ ಪಿಸುಗುಟ್ಟಿದರು:

"ಸ್ವಾಮೀ, ನಮ್ಮ ತೋಟದ ಕಾಯಿ ಕೊಳ್ತಿತ್ತು ಅನ್ನೋದು ಮಾತ್ರ ಅರಸೀಕೆರೆ ಸಂತೇಲಿ ಯಾರ ಕಿವಿಗೂ ಬೀಳದಂಗೆ ನೋಡ್ಕಳಿ!"