ಒಂದು ಸೀರೆ ಉದ್ದದ ಗ್ಯಾರೇಜು

ಈಗಷ್ಟೇ ಪೆನ್ನು ಹಿಡಿದು ಕುಳಿತಿದ್ದೆ. ಹೊರಗಿನಿಂದ "ಅಕ್ಕಾ, ಅಣ್ಣ ಅದಾನೇನ್ರಿ? ಪಂಚರ್ ಆಗೇತಿ" ಎಂದು ಯಾರೋ ಕೂಗಿದರು. ನನ್ನ ಗಂಡ ಊಟಕ್ಕೆ ಕುಳಿತಿದ್ದಾರೆ ಎಂದು ಹೇಳಿ ಬಂದು ಮತ್ತೆ ಕುಳಿತೆ. ಎರಡು ವರ್ಷದ ಮಗ ಪೆನ್ನಿನ ಮುಚ್ಚಳವನ್ನು ಬಾಯಿಗೆ ಹಾಕಿಕೊಂಡ. ಅದನ್ನು ತೆಗೆಸುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ, "ಏನ್ ಬರಿಯಾಕತ್ತಿ, ರೇಷನ್ ಕಾರ್ಡಿಂದೇನು?" ಎಂದರು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ಪೆನ್ನು ಹಿಡಿದರೆ ಅದು ಅರ್ಜಿಯೇ ಆಗಿರಬೇಕು ಎಂಬುದು ನಮ್ಮ ಮನೆಯವರ ನಂಬಿಕೆ. ಎರಡು ಸಾಲು ನೆಮ್ಮದಿಯಾಗಿ ಬರೆಯಲು ಈ ಮನೆಯಲ್ಲಿ ಬಿಡುವವರಿಲ್ಲ.

ನಮ್ಮ ಮನೆ ಇರುವುದು ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ರಸ್ತೆಯ ಮೇಲೆ. ಮುಂದೆ ನನ್ನ ಗಂಡನ ಬೈಕ್ ರಿಪೇರಿ ಗ್ಯಾರೇಜು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಮುಚ್ಚಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿಲ್ಲ. ಹೀಗಾಗಿ ರಸ್ತೆಯಲ್ಲಿ ಆಗಬೇಕಾದದ್ದೆಲ್ಲ ನಮ್ಮ ಮನೆಯೊಳಗೇ ಆಗುತ್ತಿರುತ್ತದೆ. ಹೋದ ವರ್ಷ ಗ್ಯಾರೇಜಿನ ತಗಡು ಬದಲಿಸಿದಾಗಲಂತೂ ದಿನಕ್ಕೊಂದು ಆಯಿತು.

ತಗಡು ಈ ಗ್ಯಾರೇಜು ಕಟ್ಟಿಸಿದ ಮಾವನ ಕಾಲದ್ದು. ತುಕ್ಕು ಹಿಡಿದು ಜರಡಿಯಾಗಿತ್ತು. ಮೊದಲ ಮಳೆಗೇ, ಬಿಚ್ಚಿಟ್ಟಿದ್ದ ಒಂದು ಇಂಜಿನ್ನಿನೊಳಗೆ ನೀರು ಬಿತ್ತು. ಬೈಕಿನವನು ಜಗಳ ಮಾಡಲಿಲ್ಲ. ಸುಮ್ಮನೆ ಗಾಡಿಯನ್ನು ಬೇರೆ ಗ್ಯಾರೇಜಿಗೆ ಒಯ್ದ. ಜಗಳ ಮಾಡಿದ್ದರೇ ಚೆನ್ನಾಗಿತ್ತು. ಆ ಸಂಜೆ ನನ್ನ ಗಂಡ, "ದೊಡ್ಡ ಮಳಿ ಹಿಡಿಯೋದ್ರೊಳಗ ತಗಡು ಹಾಕ್ಲಿಲ್ಲಂದ್ರ ಇದನ್ನ ಮುಚ್ಚಿ ದಾವಣಗೆರೆ ಶೋರೂಮಿಗೆ ಕೆಲಸಕ್ಕ ಹೋಗ್ತೀನಿ. ಐತವಾರಕ್ಕೊಮ್ಮೆ ಬರ್ತೀನಿ" ಎಂದರು.

"ಐತವಾರಕ್ಕೊಮ್ಮೆ ಬರಾಕ ನೀವೇನು ಸಂತಿ ಏನ್ರಿ?" ಎಂದೆ. ಬಾಯಿ ಹಾಗೆ ಅಂದಿತು, ಆದರೆ ಆ ರಾತ್ರಿಯೇ ಡಬ್ಬಿಯಲ್ಲಿದ್ದ ದುಡ್ಡು ಎಣಿಸಿದೆ. ಹೊಸ ತಗಡಿನ ರೇಟು ಕೇಳಲು ಅಂಗಡಿಗೆ ಹೋಗಿ, ಅವರು ಕೊಟ್ಟ ನೀರು ಕುಡಿದು ಬಂದಿದ್ದೆವು. ಖಾನಾವಳಿಗೆ ರೊಟ್ಟಿ ತಟ್ಟಿ ನಾನು ಕೂಡಿಟ್ಟದ್ದು ಅದರ ಅರ್ಧಕ್ಕೂ ಸಾಲುತ್ತಿರಲಿಲ್ಲ.

೧. ಕಂಬಳಿ

ನನ್ನ ಮಾವ ನಲವತ್ತು ವರ್ಷ ಕುರಿ ಕಾಯ್ದವರು. ಕುರಿ ಮಾರಿಯಾಗಿದೆ, ಹೆಗಲ ಮೇಲಿನ ಕಂಬಳಿ ಮಾತ್ರ ಇಳಿದಿಲ್ಲ. ತಗಡಿನ ಚಿಂತೆ ಕೇಳಿ ಅವರು ನಕ್ಕರು.

"ತಗಡು ಯಾಕ? ಈ ಕಂಬಳಿ ಹೊದ್ದು ಅಡವ್ಯಾಗ ಎಷ್ಟು ಮಳಿ ಕಳದೀನಿ. ಒಂದು ಹನಿ ತಲಿಗೆ ತಾಗಿಲ್ಲ."

"ಮಾವ, ನೀವು ಒಬ್ಬರು. ಇದು ಗ್ಯಾರೇಜು" ಎಂದೆ.

ಕೇಳಲಿಲ್ಲ. ಎಲ್ಲಕ್ಕಿಂತ ದೊಡ್ಡ ತೂತಿನ ಮೇಲೆ ಕಂಬಳಿ ಹಾಸಿಸಿ ನಾಲ್ಕು ಮೂಲೆಗೆ ಕಲ್ಲು ಇಡಿಸಿದರು. ಸಂಜೆ ಮಳೆ ಬಂತು. ಒಂದು ತಾಸು ಹೊಡೆಯಿತು. ಬೇರೆ ತೂತುಗಳೆಲ್ಲ ಸೋರಿದವು, ಅಲ್ಲಿ ಮಾತ್ರ ಹನಿ ಇಲ್ಲ. ಮಾವ ಅದರ ಕೆಳಗೇ ಕುರ್ಚಿ ಹಾಕಿಸಿಕೊಂಡು ಕುಳಿತು, ಮಳೆಗೆ ಬಂದು ನಿಂತವರಿಗೆಲ್ಲ ಮೇಲೆ ನೋಡಿ ಎಂದು ತೋರಿಸಿದರು. ನಾನು ಮಾತು ವಾಪಸ್ ತೆಗೆದುಕೊಂಡು ಚಹಾ ಮಾಡಿಕೊಟ್ಟೆ.

ಮಳೆ ನಿಂತಿತು. ನಿಂತು ಹತ್ತು ನಿಮಿಷವಾಗಿರಬೇಕು. ಒಂದು ತಾಸಿನಿಂದ ಕುಡಿದದ್ದನ್ನೆಲ್ಲ ಕಂಬಳಿ ಒಮ್ಮೆಗೇ ಬಿಟ್ಟಿತು. ಕೊಡ ಬೋರಲು ಹಾಕಿದ ಹಾಗೆ, ಸರಿಯಾಗಿ ಮಾವನ ನೆತ್ತಿಯ ಮೇಲೆ.

ಮಾವ ಕುರ್ಚಿ ಬಿಟ್ಟು ಏಳಲಿಲ್ಲ. ಮೀಸೆಯ ನೀರು ಒರೆಸಿಕೊಂಡು, "ಮಳಿ ಇದ್ದಾಗ ಸೋರಿತೇನು? ಹೇಳು ನೋಡೋಣ. ಮಳಿ ನಿಂತ ಮ್ಯಾಲೆ ಸೋರಿದ್ದು ಲೆಕ್ಕಕ್ಕಿಲ್ಲ" ಎಂದರು.

೨. ಮೇಲಿನಿಂದ ಬಂದ ಕಾಲು

ಗಾಳಿಗೆ ತಗಡು ಹಾರದಿರಲಿ ಎಂದು ನಾವು ಮೇಲೆ ಹಳೇ ಟೈರು ಇಟ್ಟಿದ್ದೆವು. ಸೊಳ್ಳೆ ಮರಿ ಹುಡುಕಲು ಮನೆ ಮನೆಗೆ ಬರುವ ಆರೋಗ್ಯ ಇಲಾಖೆಯ ಮೇಡಂ ಒಬ್ಬರಿದ್ದಾರೆ. ಬೇರೆಯವರು ಬಾಗಿಲಲ್ಲೇ ನಿಂತು "ನೀರು ಮುಚ್ಚಿಟ್ಟೀರೇನು?" ಎಂದು ಕೇಳಿ ಹೋಗುತ್ತಾರೆ. ಇವರು ಕೊಡದೊಳಗೆ ಟಾರ್ಚು ಬಿಟ್ಟು ನೋಡುವವರು. ಆ ದಿನ ತಲೆ ಎತ್ತಿ ಟೈರು ನೋಡಿದರು.

"ಅದರಾಗ ನೀರು ನಿಂತಿರ್ತತಿ. ಏಣಿ ಕೊಡ್ರಿ."

"ತಗಡು ಭಾಳ ಹಳೇವ್ರಿ ಮೇಡಂ. ನೀರು ಐತಿ ಅಂತ ಬರಕೊಂಡು ಬಿಡ್ರಿ."

"ನೋಡದ ಬರಿಯೋ ಪೈಕಿ ಅಲ್ಲಮ್ಮ ನಾನು."

ಹತ್ತಿದರು. ನನ್ನ ಗಂಡ ಕೆಳಗೆ ಒಂದು ಬೈಕಿನ ಪಕ್ಕ ಅಂಗಾತ ಮಲಗಿ ನಟ್ಟು ತಿರುವುತ್ತಿದ್ದರು. ಲಟಕ್ ಎಂದಿತು. ಕಣ್ಣು ಬಿಟ್ಟು ನೋಡಿದರೆ, ಮೇಲಿನಿಂದ ಮೊಣಕಾಲಿನವರೆಗೆ ಒಂದು ಕಾಲು, ಚಪ್ಪಲಿ ಸಮೇತ, ಇಳಿದಿದೆ. ನನ್ನ ಗಂಡನಿಗೆ ಗಾಬರಿಯಾದಾಗ ಮರ್ಯಾದೆ ಹೆಚ್ಚಾಗುತ್ತದೆ. ಮಲಗಿದಲ್ಲಿಂದಲೇ, "ಮೇಡಂ, ಬಾಗಲ ಈ ಕಡಿ ಐತ್ರಿ" ಎಂದರು.

ನಾನು ಸ್ಟೂಲ್ ಮೇಲೆ ನಿಂತು ಕಾಲನ್ನು ಕೆಳಗಿನಿಂದ ನೂಕಿದೆ, ನನ್ನ ಗಂಡ ಏಣಿ ಹತ್ತಿ ಮೇಲಿನಿಂದ ಹಿಡಿದುಕೊಂಡರು. ದೇವರು ದೊಡ್ಡವನು, ಎರಡು ಗೀರು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಮೇಡಂ ತಮ್ಮ ಚೀಲದ ಔಷಧಿಯನ್ನು ತಾವೇ ಹಚ್ಚಿಕೊಂಡು ಚಹಾ ಕುಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬದಲಿಗೆ, "ತಂಬ್ರಹಳ್ಳ್ಯಾಗ ನಮ್ಮ ಪರಿಚಯದವರು ಕೋಳಿ ಫಾರಂ ಬಿಚ್ಚಾಕತ್ತಾರ. ತಗಡು ಗಟ್ಟಿ ಅದಾವ, ಕಡಿಮಿಗೆ ಕೊಡ್ತಾರ" ಎಂದು ನಂಬರು ಬರೆದುಕೊಟ್ಟರು. ಆ ಚೀಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಹೋಗುವಾಗ ಅವರ ರಿಜಿಸ್ಟರಿನಲ್ಲಿ ಬರೆದದ್ದನ್ನು ಬಗ್ಗಿ ಓದಿದೆ. "ಛಾವಣಿಯ ಮೇಲೆ ನೀರು ನಿಂತಿಲ್ಲ. ನಿಲ್ಲುವ ಸಾಧ್ಯತೆಯೂ ಇಲ್ಲ."

೩. ಅತ್ತೆಯ ಸೀರೆ

ಮರುದಿನ ನನ್ನ ಗಂಡ ಲಗೇಜ್ ಆಟೋದ ಗೆಳೆಯನನ್ನು ಕರೆದುಕೊಂಡು ತಂಬ್ರಹಳ್ಳಿಗೆ ಹೋದರು. ಅವರಿಗೆ ಚೌಕಾಸಿ ಬರುವುದಿಲ್ಲ; ಎದುರಿನವರು ಒಂದು ರೇಟು ಹೇಳಿದರೆ "ಹೌದಲ್ರಿ, ಅಷ್ಟಾಗ್ತತಿ" ಎನ್ನುತ್ತಾರೆ. ಅದಕ್ಕೇ ಫೋನನ್ನು ಫಾರಂ ಮಾಲೀಕರಿಗೆ ಕೊಡಿಸಿದೆ. ಅರ್ಧ ತಾಸು ಮಾತಾಡಿದೆ. ಕೋಳಿ ಹಿಕ್ಕೆ ತೊಳೆಯುವ ಕೂಲಿ ಕಳೆದೆ, ಮೊಳೆ ತೂತಿಗೆ ಇಷ್ಟು ಎಂದು ಕಳೆದೆ. ಕೊನೆಗೆ ನನ್ನ ಕೈಯಲ್ಲಿದ್ದಷ್ಟಕ್ಕೇ, ಗ್ಯಾರೇಜಿಗೆ ಬೇಕಾದಷ್ಟು ತಗಡು ಕೊಡಲು ಅವರು ಒಪ್ಪಿದರು. ಮೇಲೆ ಒಂದು ಟ್ರೇ ಮೊಟ್ಟೆಯನ್ನೂ ಕೊಟ್ಟು ನನ್ನ ಗಂಡನಿಗೆ, "ತಮ್ಮಾ, ಮತ್ತೇನರ ಬೇಕಾದ್ರ ಬಾ. ಫೋನ್ ಮನ್ಯಾಗ ಇಟ್ಟು ಬಾ" ಎಂದರಂತೆ.

ಎಲ್ಲ ಮುಗಿದ ಮೇಲೆ ನನ್ನ ಗಂಡ ಫೋನಿನಲ್ಲಿ, "ಗ್ಯಾರೇಜು ಉದ್ದ ಎಷ್ಟೈತಿ? ಅಳತಿ ತರೋದು ಮರ್ತೀನಿ" ಎಂದರು. ಟೇಪನ್ನು ಮಗ ಆ ವಾರವೇ ಎಳೆದು ಮುರಿದಿದ್ದ. ಹಿತ್ತಲಲ್ಲಿ ಅತ್ತೆಯ ಸೀರೆ ಒಣಗುತ್ತಿತ್ತು. ಎರಡನೇ ಕ್ಲಾಸಿನ ಮಗಳ ಕೈಗೆ ಒಂದು ತುದಿ ಕೊಟ್ಟು, ನಾನೊಂದು ಹಿಡಿದು ಗ್ಯಾರೇಜಿಗೆ ಹಿಡಿದೆ. ಈ ಗೋಡೆಯಿಂದ ಆ ಗೋಡೆಗೆ ಅಳೆದು ಕೊಯ್ದ ಹಾಗೆ ಸರಿಹೋಯಿತು.

"ಸರಿಯಾಗಿ ಒಂದು ಸೀರಿ ಉದ್ದ ಐತ್ರಿ" ಎಂದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಮಧ್ಯಾಹ್ನ ತಗಡು ಬಂದವು. ರಸ್ತೆ ಪಕ್ಕ ಸಾಲಾಗಿ ಇಟ್ಟು ನೋಡಿದರೆ ಎರಡು ಕಡಿಮೆ. ಮತ್ತೆ ಎಣಿಸಿದರು, ಮತ್ತೆ ಇಟ್ಟರು. ನನ್ನ ಗಂಡ ನನ್ನ ಮೈಮೇಲಿನ ಸೀರೆಯನ್ನೇ ನೆನೆದು ಆರು ಗಜಕ್ಕೆ ತಂದಿದ್ದರು. ನಾನು ಅಳೆದದ್ದು ಅತ್ತೆಯ ಇಳಕಲ್ ಸೀರೆಯಲ್ಲಿ. ಅದು ಎಂಟು ಗಜ. ತಂಬ್ರಹಳ್ಳಿಗೆ ಫೋನು ಮಾಡಿದರೆ, ಉಳಿದ ತಗಡನ್ನು ಆಗಲೇ ಹಡಗಲಿ ಕಡೆಯವರು ಒಯ್ದಿದ್ದರು.

ಅತ್ತೆ ಬಾಗಿಲಲ್ಲಿ ನಿಂತು, "ಎಂಟು ವರ್ಷದಿಂದ ನನ್ನ ಸೀರಿ ಒಗಿತಿ, ಹಿಂಡ್ತಿ, ಒಣ ಹಾಕ್ತಿ. ಅದರ ಉದ್ದ ಗೊತ್ತಾಗ್ಲಿಲ್ಲೇನು ನಿನಗ?" ಎಂದರು.

"ಭಾರ ಗೊತ್ತಾಗೇತಿ ಅತ್ತಿ. ಉದ್ದ ಗೊತ್ತಾಗಿಲ್ಲ" ಎಂದೆ.

೪. ಕೆಳಗೆ ನಿಂತವರ ಕಷ್ಟ

ಐತವಾರ ಹಳೇ ತಗಡು ಇಳಿಸಿದೆವು. ಅದರಲ್ಲಿ ಒಂದು ಗಟ್ಟಿಯಿತ್ತು, ಅದನ್ನೇ ತಿರುಗಿ ಹಾಕಿದರೆ ಇನ್ನೊಂದಷ್ಟೇ ಕಡಿಮೆ. ಕೂಲಿಯವರನ್ನು ಕರೆಯಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಆದರೂ ಬೈಕು ರಿಪೇರಿಗೆ ಬಂದವರು ಗ್ಯಾರೇಜಿಗೆ ತಲೆಯಿಲ್ಲದ್ದು ನೋಡಿ, ಗಾಡಿ ನಿಲ್ಲಿಸಿ, ಪ್ಯಾಂಟು ಮಡಚಿ ಮೇಲೆ ಹತ್ತಿದರು. ವೆಲ್ಡಿಂಗ್ ಅಂಗಡಿಯವನು ಕಬ್ಬಿಣದ ಪಟ್ಟಿ ಹಚ್ಚಿಕೊಟ್ಟು ಕೂಲಿ ಬೇಡವೆಂದ. "ಎಷ್ಟು ಸಲ ನನ್ನ ಗಾಡಿ ದಬ್ಬಿಕೊಂಡು ಬಂದೀನಿ. ಅಣ್ಣ ಯಾವತ್ತರ ಕೈ ಚಾಚ್ಯಾನೇನು?" ಎಂದ. ನನ್ನ ಗಂಡನ ಆ ಗುಣಕ್ಕೆ ನಾನು ದಿನಾ ಬೈಯುತ್ತಿದ್ದೆ. ಆ ದಿನ ಒಂದು ದಿನ ಬೈಯಲಿಲ್ಲ.

ಹತ್ತಿದವರು ನಾಲ್ಕು ಜನ. ಕೆಳಗೆ ನಿಂತು ಹೇಳಿಕೊಡುವವರು ಹತ್ತರ ಮೇಲೆ. ಅವರಲ್ಲಿ ಮುಖ್ಯರು ಹರಪನಹಳ್ಳಿಯ ಒಬ್ಬ ಮೇಷ್ಟ್ರು, ಗಾಡಿ ಸರ್ವೀಸಿಗೆ ಬಿಟ್ಟು ಕಾಯುತ್ತಿದ್ದವರು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಜಾಗದಲ್ಲಿ ನಿಂತು, "ಸ್ವಲ್ಪ ಬಲಕ್ಕೆ ತಗಳ್ರಪ್ಪಾ, ಆತು, ಇನ್ನೊಂಚೂರು ಎಡಕ್ಕೆ" ಎಂದರು. ತಗಡು ಮೊದಲಿದ್ದಲ್ಲಿಗೇ ಬರುತ್ತಿತ್ತು.

ಸಂಜೆ ಮಂಡಕ್ಕಿ ಒಗ್ಗರಣೆ ಹಾಕಿ, ಹತ್ತಿದವರ ಲೆಕ್ಕದಲ್ಲಿ ಮಿರ್ಚಿ ಕರಿದೆ. ಹೇಳಿಕೊಟ್ಟವರೆಲ್ಲ ಸಾಲಾಗಿ ಕುಳಿತರು. ಮತ್ತೆ ಹಿಟ್ಟು ಕಲಸಿದೆ. ಮೇಷ್ಟ್ರು ಐದನೇ ಮಿರ್ಚಿಗೆ ಕೈ ಹಾಕಿದಾಗ ನಾನು ಸುಮ್ಮನೆ ಅವರ ಕೈ ನೋಡಿದೆ.

"ಮೇಲೆ ಹತ್ತಿದವರು ಬರೀ ಕೈ ಆಡಿಸಿದ್ರು ಕಣಮ್ಮಾ" ಎಂದರು ಅವರು. "ಕತ್ತು ಹಿಡ್ಕಂಡಿರೋದು ನಂಗೆ."

೫. ಮೇಲಿದ್ದ ಹಿರಿಯರು

ಉಳಿದದ್ದು ಒಂದು ತಗಡಿನಷ್ಟು ಸಂದು. ಆಕಾಶ ಕಪ್ಪಾಗಿತ್ತು. ಲಗೇಜ್ ಆಟೋದ ಗೆಳೆಯ ಎಲ್ಲಿಂದಲೋ ಒಂದು ಹಳೇ ಫ್ಲೆಕ್ಸ್ ತಂದ. ಬಿಚ್ಚಿದರೆ ಯಾರೋ ತೀರಿಕೊಂಡವರ ಶ್ರದ್ಧಾಂಜಲಿ ಫ್ಲೆಕ್ಸ್. ದಪ್ಪ ಮೀಸೆ, ಬಿಳಿ ಅಂಗಿ. ನಮ್ಮ ಓಣಿಯವರಲ್ಲ. ಬೇರೆ ಹುಡುಕಲು ಮಳೆ ಬಿಡುವಂತಿರಲಿಲ್ಲ. "ಸತ್ತವರ ಮುಖಕ್ಕ ಮಳಿ ಹೊಡಸಬಾರದು" ಎಂದರು ಅತ್ತೆ. ಮುಖ ಕೆಳಗೆ ಮಾಡಿ, ಎರಡು ಮಡಿಕೆ ಹಾಕಿ ಕಟ್ಟಿದೆವು. "ಶ್ರದ್ಧಾಂಜಲಿ" ಎಂಬುದು ಮಡಿಕೆಯೊಳಗೆ ಹೋಯಿತು. ಮುಖ ಉಳಿಯಿತು, ಅದರ ಕೆಳಗೆ "ಮತ್ತೆ ಹುಟ್ಟಿ ಬನ್ನಿ" ಎಂಬುದು ಉಳಿಯಿತು.

ನನ್ನ ಗಂಡ ಬೈಕಿನ ಪಕ್ಕ ಅಂಗಾತ ಮಲಗಿದರೆ ಆ ಹಿರಿಯರ ಮುಖ ಸರಿಯಾಗಿ ಎದುರಿಗೆ. "ಅವರು ನೋಡಾಕತ್ತಾರ ಅಂತ ಒಂದೊಂದು ನಟ್ಟು ಎರಡೆರಡು ಸಲ ಬಿಗಿ ಮಾಡ್ತೀನಿ" ಎನ್ನುತ್ತಿದ್ದರು. ಕೆಲವರು ಚಪ್ಪಲಿ ಬಿಟ್ಟು ಒಳಗೆ ಬಂದರು. "ಇವರು ಗ್ಯಾರೇಜು ಕಟ್ಟಿದ ಹಿರಿಯರೇನ್ರಿ?" ಎಂದು ಕೇಳಿದವರಿಗೆ ನನ್ನ ಗಂಡ "ಹೌದ್ರಿ" ಎಂದರು. ಆಚೆ ಕುಳಿತಿದ್ದ ಮಾವನಿಗೆ ಒಂದು ವಾರ ಸಿಟ್ಟು. ಆದರೆ ನಿಜ ಹೇಳಬೇಕು. ಕೋಳಿ ಫಾರಂ ತಗಡಿನ ಮೊಳೆ ತೂತುಗಳು ಅಲ್ಲೊಂದು ಇಲ್ಲೊಂದು ಹನಿ ಹಾಕಿದವು. ಆ ಹಿರಿಯರು ಇದ್ದಲ್ಲಿ ಮಾತ್ರ ಆ ಮಳೆಗಾಲದಲ್ಲಿ ಒಂದು ಹನಿಯೂ ಬೀಳಲಿಲ್ಲ. ಗಾಡಿಗಳು ತಿರುಗಿ ಬಂದವು. ದಾವಣಗೆರೆಯ ಮಾತು ನಿಂತಿತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಮಾಗಳ ಕಡೆಯ ಒಬ್ಬ ಯಜಮಾನತಿ ಮಗನ ಬೈಕಿನಲ್ಲಿ ಹೋಗುವಾಗ ಪಂಚರ್ ಆಗಿ ನಮ್ಮಲ್ಲಿ ನಿಂತರು. ಕುರ್ಚಿ ಹಾಕಿ ನೀರು ಕೊಟ್ಟೆ. ಕುಡಿಯಲು ತಲೆ ಎತ್ತಿದವರು ಹಾಗೇ ಉಳಿದರು. ಆಮೇಲೆ ಲೋಟ ಕೆಳಗಿಟ್ಟು, ನಿಧಾನ ಸೆರಗು ಎಳೆದು ತಲೆ ತುಂಬ ಹೊದ್ದುಕೊಂಡರು. ಹೆಂಗಸು ಆ ರೀತಿ ಸೆರಗು ಹೊದೆಯುವುದು ಗಂಡನ ಮುಂದೆ ಎಂದು ನನಗೆ ಗೊತ್ತು. ಎರಡೂ ಕೈ ಮುಗಿದೆ.

"ತಪ್ಪಾತ್ರಿ ಯವ್ವಾ. ಗೊತ್ತಿಲ್ಲದ ಹಾಕಿದ್ವಿ. ಈಗಲೇ ಇಳಸ್ತೀವಿ."

ಅವರು ಮೇಲೇ ನೋಡುತ್ತ, "ಅಲ್ಲಿ ಸೋರ್ತತೇನು?" ಎಂದರು.

"ಇಲ್ರಿ. ಒಂದು ಹನಿನೂ ಇಲ್ರಿ."

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಳುತ್ತಾರೆ ಎಂದುಕೊಂಡೆ. ನಗುತ್ತಿದ್ದರು. "ಬದುಕಿದ್ದಾಗ, ಮನಿ ಸೋರ್ತತಿ, ಒಂದೀಟು ಮ್ಯಾಲೆ ಹತ್ತಿ ನೋಡು ಅಂತ ಹೊಯ್ಕೊಂಡೆ. ನಾಳಿಗೆ ಹತ್ತತೀನಿ ಅಂತಿದ್ದ. ಲಾರಿ ಡ್ರೈವರು. ಲಾರಿ ಹತ್ತಿದ, ಮಾಳಿಗಿ ಹತ್ತಲಿಲ್ಲ. ಈಗ ನೋಡು, ಮಂದಿ ಮನಿ ಕಾಯಾಕತ್ತಾನ. ಇರಲಿ ಬಿಡು, ಮಳಿ ಮುಗಿಯೋ ತನಕ ಇರಲಿ."

ಮಳೆ ಮುಗಿದ ಮೇಲೆ ಅವರೇ ಮಗನೊಂದಿಗೆ ಬಂದರು. ತಮ್ಮ ಮನೆಗೆ ಹಾಕಿಸಿ ಮಿಕ್ಕಿದ್ದ ಒಂದು ತಗಡು ತಂದಿದ್ದರು. ದುಡ್ಡಿನ ಮಾತೆತ್ತಿದರೆ ಮಗ ಕೈ ಅಡ್ಡ ಮಾಡಿದ. ತಗಡು ಹಾಕಿ ಫ್ಲೆಕ್ಸ್ ಇಳಿಸಿದೆವು. ನಾನು ಒದ್ದೆ ಬಟ್ಟೆಯಿಂದ ಮುಖ ಒರೆಸಿ, ಮಡಚಿ, ಮೇಲೆ ಒಂದು ತೆಂಗಿನಕಾಯಿ, ಒಂದು ಕಟ್ಟು ರೊಟ್ಟಿ ಇಟ್ಟು ಅವರ ಕೈಗೆ ಕೊಟ್ಟೆ. "ನಿಮ್ಮ ಯಜಮಾನ್ರಿಂದ ನಮ್ಮ ಮನಿ ಉಳೀತ್ರಿ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಅವರು ಫ್ಲೆಕ್ಸನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಕೈ ಆಡಿಸಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಗಂಡಸರಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದರು.

"ಮದಿವಿ ಆಗಿ ಮೂವತ್ತು ವರ್ಷದಾಗ ಈ ಮನುಷ್ಯ ಒಂದು ಮಳಿಗಾಲ ಪೂರ್ತಿ ಮನ್ಯಾಗ ನಿಂತಿಲ್ಲ. ನಿಮ್ಮಲ್ಲಿ ನಿಂತಾನ. ಅದೇನ್ ಹೇಳಿ ನಿಲ್ಲಿಸಿಕೊಂಡಿ, ಯವ್ವಾ?"