ಮೂರು ಔಷಧಗಳ ಬಯೋಡಾಟಾ

ಕಲಘಟಗಿಯಲ್ಲಿ ನನ್ನನ್ನು ಶಾಲಾ ಮಾಸ್ತರನೆಂದು ಗುರುತಿಸುವವರಿಗಿಂತ, ವಧು-ವರರ ಬಯೋಡಾಟಾ ಬರೆದುಕೊಡುವವನೆಂದು ಗುರುತಿಸುವವರೇ ಹೆಚ್ಚು. ಇಲ್ಲಿಯವರೆಗೆ ಹನ್ನೊಂದು ಸಂಬಂಧ ಕೂಡಿಸಿದ್ದೇನೆ. ಒಂಬತ್ತು ಜೋಡಿ ಇನ್ನೂ ಒಂದೇ ಮನೆಯಲ್ಲಿವೆ. ಇಂಥ ಅನುಭವಸ್ಥನಿಗೆ ಮೂರು ಔಷಧಗಳಲ್ಲಿ ಒಂದನ್ನು ಆರಿಸುವುದು ಯಾವ ಮಹಾ ಕೆಲಸ!

ಔಷಧ ಬೇಕಾಗಿದ್ದುದು ನನ್ನ ಹೆಂಡತಿ ಶೋಭಾಳಿಗೆ. ಹೋದ ವರ್ಷ ಅವಳ ಒಂದು ಕಣ್ಣು ಮಂಜಾಯಿತು. ಆಮೇಲೆ ಎಡಗಾಲಿಗೆ ಹಿಡಿದ ಜೋಮು ಬಿಡಲೇ ಇಲ್ಲ. ಹುಬ್ಬಳ್ಳಿಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹವೇ ತನ್ನ ನರಗಳ ಹೊದಿಕೆಯನ್ನು ಕೆಡಿಸಿಕೊಳ್ಳುವ ರೋಗ ಎಂದರು. ಪೂರ್ತಿ ವಾಸಿ ಮಾಡುವ ಔಷಧವಿಲ್ಲ, ಆದರೆ ಅದು ಮತ್ತೆ ಮತ್ತೆ ಎರಗುವುದನ್ನು ಕಡಿಮೆ ಮಾಡುವ ಔಷಧಗಳಿವೆ. ದಿನಾ ನುಂಗುವ ಗುಳಿಗೆ, ಇಲ್ಲವೇ ವಾರಕ್ಕೆ ಮೂರು ಸಲ ಮನೆಯಲ್ಲೇ ಚುಚ್ಚಿಕೊಳ್ಳುವ ಇಂಜೆಕ್ಷನ್. ಅದೂ ಬೇಡವೆಂದರೆ ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಬಾಟಲಿ ಏರಿಸುವುದು. ಅದನ್ನು ನಾವು ಸಲಾಯಿನ್ ಅಂದೆವು.

"ಇವರಿಗೆ ಮೂರೂ ನಡೀತಾವ. ಯಾವುದನ್ನ ತಪ್ಪದ ತಗೋಳಿಕ್ಕೆ ಆಗ್ತದ ಅನ್ನೋದ ಮುಖ್ಯ. ವಿಚಾರ ಮಾಡಿ ಹೇಳ್ರಿ," ಎಂದು ಡಾಕ್ಟರಮ್ಮ ಶೋಭಾಳ ಕಡೆ ನೋಡಿದರು.

"ಹಿರ್ಯಾರನ್ನ ಕೇಳಿ ಹೇಳ್ತೀವ್ರಿ," ಎಂದೆ ನಾನು.

ಮರುದಿನವೇ ಮೂರು ಬಯೋಡಾಟಾ ಸಿದ್ಧವಾದವು. ಗುಳಿಗೆ: ಬಿಳಿ ಮೈಬಣ್ಣ, ಸಣ್ಣ ಮೈಕಟ್ಟು, ಆಗಾಗ ರಕ್ತಪರೀಕ್ಷೆ ಬಯಸುತ್ತದೆ. ಇಂಜೆಕ್ಷನ್: ಸ್ವಾವಲಂಬಿ, ಆದರೆ ಚುಚ್ಚಿದ ದಿನ ಜ್ವರ ಬಂದಂತಾಗಬಹುದು. ಸಲಾಯಿನ್: ದೊಡ್ಡ ಆಸ್ಪತ್ರೆಯ ವಾಸ, ಸೋಂಕು ತಗಲದಂತೆ ಎಚ್ಚರ ಬೇಕು. ಪ್ರತಿ ಹಾಳೆಯ ನೆತ್ತಿಗೂ ಶ್ರೀಕಾರ ಬರೆದೆ.

ರವಿವಾರ ನಮ್ಮ ಪಡಸಾಲೆಯಲ್ಲಿ, ಮದುವೆ ಮಾತುಕತೆಗೆ ಕೂಡುವ ಹಾಗೆಯೇ, ಬೈಠಕ್. ಸಂಶಿಯಿಂದ ನನ್ನ ಕಾಕಾ ಬಂದರು. ಬಾಜು ಮನೆಯ ಪಾರ್ವತೆವ್ವ ಕರೆಯದಿದ್ದರೂ ಬಂದರು. ಶೋಭಾ ಉಪ್ಪಿಟ್ಟು ಮಾಡಿ ಕೊಟ್ಟು ಒಳಗೆ ಹೋದಳು. ಇದು ಅವಳದೇ ಔಷಧದ ಬೈಠಕ್ ಎಂಬುದು ನನಗೆ ಹೊಳೆಯಲಿಲ್ಲ.

ಕಾಕಾ ಕನ್ನಡಕ ಏರಿಸಿ ಇಂಜೆಕ್ಷನ್ನಿನ ಹಾಳೆ ಓದಿದರು. "ಇದನ್ನ ಎಲ್ಲಿ ಇಡೂದೋ?"

"ಫ್ರಿಜ್‌ನ್ಯಾಗ ಇಡಬೇಕ್ರಿ."

"ಮನಿಗೆ ಬರೂಕಿಂತ ಮೊದಲ ಫ್ರಿಜ್ ಕೇಳ್ತೈತಿ? ಇಂಥಾ ಆಶಾಬುರುಕ ಸಂಬಂಧ ನಮಗ ಬ್ಯಾಡ."

ಫ್ರಿಜ್ ಮನೆಯಲ್ಲೇ ಇದೆ ಎಂದರೂ ಅವರು ಕೇಳಲಿಲ್ಲ. ಪಾರ್ವತೆವ್ವ ಸಲಾಯಿನ್ನಿನ ವಿಚಾರಣೆ ಹಿಡಿದರು.

"ಇದನ್ನ ಮೊದಲ ಯಾರಿಗರ ಕೊಟ್ಟಾರೇನ್ರಿ?"

"ಭಾಳ ಮಂದಿಗೆ ಕೊಟ್ಟಾರ್ರಿ."

"ಹಂಗಾರ ಬಿಡ್ರಿ. ಎರಡನೇ ಸಂಬಂಧ ಮಾಡ್ಕೊಳ್ಳಾಕ ನಮ್ಮ ಶೋಭಾಗೇನ ಕಡಿಮಿ ಆಗೇತಿ?"

"ಅದೂ ಅಲ್ದ, ಆರ ತಿಂಗಳಿಗೊಮ್ಮಿ ಮಾರಿ ತೋರ್ಸೂದು ಯಾತರ ಸಂಬಂಧೋ?" ಎಂದರು ಕಾಕಾ. "ಗುಳಿಗಿ ಅಗದಿ ಛಲೋ. ದಿನಾ ಮನ್ಯಾಗ ಕಣ್ಣ ಮುಂದ ಇರತೈತಿ."

ಅಷ್ಟರಲ್ಲಿ ಶೋಭಾ ಎರಡನೆಯ ಸುತ್ತಿನ ಚಹಾ ತಂದಳು. ಹೊಸ್ತಿಲಲ್ಲಿ ಅವಳ ಎಡಗಾಲು ಮೇಲೇಳಲಿಲ್ಲ. ಟ್ರೇ ಬಿತ್ತು, ಮೂರೂ ಕಪ್ಪು ಚೂರಾದವು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಸಾವಕಾಶ," ಎಂದೆ ನಾನು. ಹರಿದು ಬರುತ್ತಿದ್ದ ಚಹಾಕ್ಕೆ ಸಿಗದಂತೆ ಬಯೋಡಾಟಾಗಳನ್ನು ಲಗುಬಗೆಯಿಂದ ಎತ್ತಿಕೊಂಡೆ. ಹಾಳೆಗಳು ಉಳಿದವು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಗುಳಿಗೆ ಸರ್ವಾನುಮತದಿಂದ ಆಯ್ಕೆಯಾಯಿತು. ಸಂಬಂಧ ಕೂಡಿದಾಗ ಸಕ್ಕರೆ ಹಂಚುವುದು ನಮ್ಮ ಕಡೆಯ ಪದ್ಧತಿ. ಹಂಚಿದೆ! ಶೋಭಾ ತನ್ನ ಪಾಲಿನ ಸಕ್ಕರೆ ಬಾಯಿಗೆ ಹಾಕಿಕೊಂಡು, ಏನೂ ಅನ್ನದೆ ಕಪ್ಪಿನ ಚೂರು ಗುಡಿಸಿದಳು. ಒಪ್ಪಿಗೆ ಎಂದು ತಿಳಿದೆ. ಹನ್ನೊಂದು ಸಂಬಂಧಗಳಲ್ಲೂ ಹೆಣ್ಣು ಸುಮ್ಮನಿದ್ದರೆ ನಾನು ಹಾಗೇ ತಿಳಿದಿದ್ದೆ.

ಬುಧವಾರ ಹುಬ್ಬಳ್ಳಿ ಬಸ್ಸು ಹಿಡಿದೆವು. ಡಾಕ್ಟರಮ್ಮನ ಮೇಜಿನ ಮೇಲೆ ಹಾಳೆಗಳನ್ನು ಹರವಿ, ಗಂಟಲು ಸರಿಮಾಡಿಕೊಂಡು, "ಗುಳಿಗಿ ಪಕ್ಕಾ ಆಗೇತ್ರಿ. ಸಕ್ಕರಿನೂ ಹಂಚೇವಿ," ಎಂದೆ.

ಅವರು ಶ್ರೀಕಾರ ನೋಡಿದರು. ಮೈಬಣ್ಣ ಓದಿದರು. ಆಮೇಲೆ ನನ್ನನ್ನು ನೋಡಿದರು.

"ಅಕ್ಷರ ಛಲೋ ಅದಾವ. ಶೋಭಾ ಅವ್ರ, ನಿಮಗ ಯಾವುದ ಬೇಕ್ರಿ?"

"ಸಲಾಯಿನ್ ರಿ," ಎಂದಳು ಶೋಭಾ.

ನಾನು ದಡಕ್ಕನೆ ಎದ್ದು ನಿಂತೆ. "ಏ, ಬೈಠಕ್ ಆಗೇತಿ. ಕಾಕಾ ಏನಂದಾರು?"

"ಕಾಕಾರ ಕಾಲಿಗೆ ಜೋಮ ಹಿಡದಿಲ್ಲಲ್ರಿ," ಎಂದವಳು ಡಾಕ್ಟರಮ್ಮನ ಕಡೆ ತಿರುಗಿದಳು. "ದಿನಾ ಗುಳಿಗಿ ಅಂದ್ರ ಇವರು ಜ್ವಾಪಾನ ಮಾಡ್ತೀನಂತ ಡಬ್ಬಿ ಎಲ್ಲೋ ಇಟ್ಟು ಮರೀತಾರ್ರಿ. ಸೂಜಿ ಅಂದ್ರ, ನನಗ ಚುಚ್ಚೂಕಿಂತ ಮೊದಲ ಇವರ ಕೆಳಗ ಬೀಳ್ತಾರ. ನನಗ ಕಡೀತನಕ ನಡಕೋತ ಇರಬೇಕ್ರಿ, ಅಷ್ಟ. ಸಲಾಯಿನ್ ತಪ್ಪೂದಿಲ್ಲ. ಅವತ್ತೊಂದಿನ ಮಲಗಿದ್ರ ಯಾರೂ ಚಹಾನೂ ಕೇಳೂದಿಲ್ಲ."

ಡಾಕ್ಟರಮ್ಮ ಬರೆದುಕೊಂಡರು. ನಾನು ಮೇಜಿನ ಮೇಲಿನ ಹಾಳೆಗಳನ್ನು ಒಟ್ಟುಮಾಡಿ ಎತ್ತಿಕೊಂಡೆ.

"ಅವತ್ತ ಮನ್ಯಾಗ ಯಾಕ ಹೇಳ್ಲಿಲ್ಲ?" ಎಂದೆ ಮೆಲ್ಲಗೆ.

"ಯಾರ ಕೇಳಿದ್ರಿ?" ಎಂದಳು. ಆಮೇಲೆ ಡಾಕ್ಟರಮ್ಮನಿಗೆ ವಿವರಿಸಿದಳು: "ಇಪ್ಪತ್ತ ವರ್ಷದ ಹಿಂದನೂ ನನ್ನ ಮದುವಿಗೆ ಹಿಂಗ ಒಂದ ಬೈಠಕ್ ಆಗಿತ್ರಿ. ಆಗೂ ಚಹಾ ನಾನ ಮಾಡಿದ್ದೆ. ಆಗೂ ನನ್ನ ಯಾರೂ ಕೇಳ್ಲಿಲ್ಲ, ಸಕ್ಕರಿ ಹಂಚಿಬಿಟ್ರು. ಏನಾತು, ನೀವ ನೋಡ್ರಿ."

ಡಾಕ್ಟರಮ್ಮ ತಲೆ ಎತ್ತಿ ನೋಡಿದರು. ಆ ಬೈಠಕ್ಕಿನಿಂದ ಆದದ್ದು ಅವಳ ಕೈಚೀಲ, ಛತ್ರಿ ಮತ್ತು ಮೂರು ಬಯೋಡಾಟಾ ಹಿಡಿದುಕೊಂಡು ಅಲ್ಲೇ ನಿಂತಿತ್ತು.